ಅವರ ಮನೆಯಲ್ಲಿ ಆ ಕಾಯಿಲೆ ಇದೆಯೇ?

ಕಳೆದ ಬೇಸಿಗೆಯ ಒಂದು ಸಂಜೆ ರಾಯಚೂರು ನಗರದ ನಮ್ಮ ಗುರುನಿವಾಸಕ್ಕೆ ದಂಪತಿಗಳಿಬ್ಬರು ಬಂದರು. ಬಲಿಪೂಜೆ ಮುಗಿದು ಜನ ಚದುರುವವರೆಗೂ ಅಂಗಳದ ಬೇವಿನ ಮರದ ಕೆಳಗೆ ಕಾದಿದ್ದು, ಎಲ್ಲರೂ ಹೋದ ಮೇಲೆ ಒಳಗೆ ಬಂದು ಕುಳಿತರು. ಮಗನಿಗೆ ಹೆಣ್ಣು ನೋಡಿದ್ದರು. ಹುಡುಗಿ ಮಾನ್ವಿ ಕಡೆಯವಳು. ನಾನು ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರದ ಕುಟುಂಬದವಳು. ಗುಣ, ಓದು, ಉದ್ಯೋಗ ಎಲ್ಲವೂ ಒಪ್ಪಿಗೆಯಾಗಿದ್ದವು. ಬಿಸಿಲು, ಮಳೆ, ಹತ್ತಿಯ ಬೆಲೆ ಎಂದು ಬಹಳ ಹೊತ್ತು ಮಾತಾಡಿದ ಮೇಲೆ ಹುಡುಗನ ತಂದೆ ದನಿ ತಗ್ಗಿಸಿ ಕೇಳಿದರು: “ಫಾದರ್, ನಿಮಗ ಅವರ ಮನಿ ಗೊತ್ತದ. ಅವರ ಮನಿಯಾಗ ಆ ಕಾಯಿಲೆ ಅದ ಅಂತಾರಲ್ರಿ, ಖರೇ ಏನು?”

“ಆ ಕಾಯಿಲೆ” ಎಂದರೆ ಯಾವುದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಹೆಸರಿದೆ. ಖಿನ್ನತೆಗೆ ನಮ್ಮ ಮನೆಗಳಲ್ಲಿ ಇನ್ನೂ ಹೆಸರಿಲ್ಲ. ಅದು ಯಾವಾಗಲೂ “ಆ ಕಾಯಿಲೆ”.

ನನಗೆ ಉತ್ತರ ಗೊತ್ತಿತ್ತು. ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಹಾಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಮನೆಮನೆಗೆ ಭೇಟಿ ಕೊಡುವ ಗುರುವಿಗೆ ಕಣ್ಣಾರೆ ಕಂಡದ್ದೇ ಸಾಕಷ್ಟಿರುತ್ತದೆ. ಆದರೂ ಅಂದು ನಾನು ಉತ್ತರಿಸಲಿಲ್ಲ; ಭಾನುವಾರ ಬನ್ನಿ ಎಂದು ಕಳುಹಿಸಿದೆ. ಆ ನಾಲ್ಕು ದಿನ ನನ್ನನ್ನು ಕಾಡಿದ ಪ್ರಶ್ನೆಯನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಆ ಕುಟುಂಬಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಯ ತಾಯಿಗೆ ಇಬ್ಬರು ಅಣ್ಣಂದಿರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಅವರಿಗೆ ಜಮೀನು. ಕಾಲುವೆಯ ನೀರು ಗಂಗಾವತಿ, ಸಿಂಧನೂರುಗಳನ್ನು ದಾಟಿ ಮಾನ್ವಿಯ ಕೊನೆಯ ಹೊಲಗಳನ್ನು ಮುಟ್ಟುವುದು ಒಂದು ಅದೃಷ್ಟ, ಮುಟ್ಟದಿರುವುದೇ ರೂಢಿ. ತಂದೆ ಜಮೀನನ್ನು ಸಮನಾಗಿ ಹಂಚಿದ್ದರು. ಸಾಲವೂ ಹೆಚ್ಚುಕಡಿಮೆ ಸಮನಾಗಿಯೇ ಬಂದಿತ್ತು. 2016ರ ಬರದಲ್ಲಿ ಇಬ್ಬರ ಭತ್ತವೂ ಒಣಗಿತು. ಹಿರಿಯವನು ಮೊದಲು ಊಟ ಬಿಟ್ಟ, ಬಳಿಕ ಮಾತು ಬಿಟ್ಟ, ಮೂರು ತಿಂಗಳಲ್ಲಿ ತನ್ನ ಪ್ರಾಣವನ್ನೇ ಬಿಟ್ಟ. ಕಿರಿಯವನು ಒಂದು ವರ್ಷ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿ ಬಂದು ಇಂದಿಗೂ ಅದೇ ಹೊಲ ಉಳುತ್ತಿದ್ದಾನೆ. ಒಂದೇ ತಾಯಿಯ ಮಕ್ಕಳು, ಒಂದೇ ಕಾಲುವೆ, ಒಂದೇ ಬರ. ಹಾಗಾದರೆ ಇವರಲ್ಲಿ ಒಬ್ಬ ಮಾತ್ರ ಏಕೆ?

ಊರಿನಲ್ಲಿ ಎರಡು ಉತ್ತರಗಳಿದ್ದವು. “ಅವರ ರಕ್ತದಾಗೇ ಅದ” ಎಂಬುದು ಒಂದು. “ನಂಬಿಕೆ ಕಡಿಮೆ ಆತು, ಮನಸು ಗಟ್ಟಿ ಮಾಡ್ಕೋಬೇಕಿತ್ತು” ಎಂಬುದು ಇನ್ನೊಂದು. ಎರಡನೆಯದನ್ನು ನುಡಿದವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಳ್ಳಬೇಕು. ಅಣ್ಣನ ಸಾವಿನ ನಂತರ ಹಾಸಿಗೆ ಹಿಡಿದ ಆ ತಾಯಿಯನ್ನು ನೋಡಲು ಹೋದಾಗ, ದಿನಕ್ಕೆ ಇನ್ನೊಂದು ಜಪಸರ ಹೆಚ್ಚಿಗೆ ಹೇಳು, ದೇವರು ಕೈಬಿಡುವುದಿಲ್ಲ ಎಂದು ಬಂದಿದ್ದೆ. ಆಕೆ ವಿಧೇಯಳಾಗಿ ಹೇಳಿದಳು. ಆರು ತಿಂಗಳ ಮೇಲೆ ಮತ್ತೆ ಹೋದಾಗ ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ಅಂದಳು: “ಜಪಸರ ಹೇಳಿದ್ರೂ ಹೋಗಲಿಲ್ಲ ಅಂದ್ರ, ದೇವರಿಗೂ ನಾ ಬ್ಯಾಡಾದೆ ಅಂತ ಆತಲ್ಲ ಫಾದರ್.” ರೋಗದ ಭಾರದ ಮೇಲೆ ದೇವರಿಂದ ತಿರಸ್ಕೃತಳಾದೆನೆಂಬ ಭಾರವನ್ನೂ ಹೊರಿಸಿದವನು ನಾನೇ. ಪ್ರಾರ್ಥನೆಯ ಶಕ್ತಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ಕಾಲು ಮುರಿದವನಿಗೆ ಓಡು ಎಂದು ಹೇಳಿ, ಓಡದಿದ್ದುದಕ್ಕೆ ಅವನ ಶ್ರದ್ಧೆಯನ್ನು ಶಂಕಿಸುವುದು ಪ್ರಾರ್ಥನೆಯ ಬೋಧನೆಯಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ರಕ್ತದಲ್ಲಿದೆ ಎಂಬ ಮಾತಿನಲ್ಲಿ ಸತ್ಯವೆಷ್ಟು? ವಿಜ್ಞಾನಿಗಳು ಇದನ್ನು ಅವಳಿ ಮಕ್ಕಳ ಮೂಲಕ ಬಹುಕಾಲ ಪರೀಕ್ಷಿಸಿದ್ದಾರೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು, ಅಂದರೆ ಜೀನ್‌ಗಳು, ಬಹುತೇಕ ಒಂದೇ. ಎರಡು ಅಂಡಗಳ ಅವಳಿಗಳು ಸಾಮಾನ್ಯ ಒಡಹುಟ್ಟಿದವರಂತೆ ಸರಾಸರಿ ಅರ್ಧದಷ್ಟನ್ನು ಹಂಚಿಕೊಂಡಿರುತ್ತಾರೆ. ಎರಡು ಬಗೆಯ ಅವಳಿಗಳನ್ನು ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2000ದಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಖಿನ್ನತೆಗೆ ಗುರಿಯಾಗುವುದರಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇಕಡಾ 37ರಷ್ಟು ವಂಶವಾಹಿಗಳಿಗೆ ಸಂಬಂಧಿಸಿದ್ದೆಂದು ಹೇಳಿತು. ತಂದೆತಾಯಿ ಅಥವಾ ಒಡಹುಟ್ಟಿದವರಲ್ಲಿ ಒಬ್ಬರಿಗೆ ತೀವ್ರ ಖಿನ್ನತೆ ಬಂದಿದ್ದರೆ ನಮಗೆ ಬರುವ ಸಂಭವ ಇತರರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚು. ಆದ್ದರಿಂದ ಊರಿನವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅವರು ತಿಳಿದ ಅರ್ಥದಲ್ಲಿ ಅದು ನಿಜವೂ ಅಲ್ಲ.

ಇದನ್ನು ವಿವರಿಸಲು ನಾನು ದೂರ ಹೋಗಬೇಕಿಲ್ಲ. ನಮ್ಮ ಎರೆಭೂಮಿಯಲ್ಲಿ ಹಿಂಗಾರು ಬಿಳಿಜೋಳ ಬಿತ್ತಿದವರಿಗೆ ಗೊತ್ತು, ನೆಲದಲ್ಲಿ ಉಳಿದ ಹಸಿಯಲ್ಲೇ ಅದು ತೆನೆ ಬಿಡುತ್ತದೆ. ಅದೇ ಹೊಲದಲ್ಲಿ ಸೋನಾ ಮಸೂರಿ ನಾಟಿ ಮಾಡಿ, ಮಧ್ಯದಲ್ಲಿ ಕಾಲುವೆಯ ನೀರು ನಿಂತರೆ ಕೆಲವೇ ದಿನಗಳಲ್ಲಿ ನೆಲ ಬಿರಿದು ಪೈರು ಹಳದಿಯಾಗುತ್ತದೆ. ಪೈರು ಒಣಗಿದ್ದಕ್ಕೆ ಬೀಜ ಕಾರಣವೋ, ನೀರು ಕಾರಣವೋ? ಜೋಳವಾಗಿದ್ದರೆ ಬದುಕುತ್ತಿತ್ತು, ಆದ್ದರಿಂದ ಬೀಜವೇ ಕಾರಣ. ನೀರು ಬಂದಿದ್ದರೆ ಭತ್ತವೂ ಬದುಕುತ್ತಿತ್ತು. ಆದ್ದರಿಂದ ನೀರೇ ಕಾರಣ. ಒಂದು ಪೈರನ್ನು ಕೈಯಲ್ಲಿ ಹಿಡಿದು ಇದರ ಒಣಗುವಿಕೆಯಲ್ಲಿ 37 ಭಾಗ ಬೀಜದ್ದು, 63 ಭಾಗ ನೀರಿನದು ಎಂದು ಹೇಳಲಾಗದು. ಶೇಕಡಾವಾರು ಲೆಕ್ಕ ಇಡೀ ಸೀಮೆಯ ಹೊಲಗಳ ನಡುವಣ ವ್ಯತ್ಯಾಸದ ಲೆಕ್ಕ, ಒಬ್ಬ ಮನುಷ್ಯನ ಲೆಕ್ಕವಲ್ಲ. ಇಷ್ಟೇ ಅಲ್ಲ: ಮಾನ್ವಿಯ ಕೊನೆಯ ಹೊಲದಲ್ಲಿ ಯಾವ ಬೀಜವನ್ನು ದುರ್ಬಲವೆಂದು ಹಳಿಯುತ್ತೇವೋ, ಅದೇ ಬೀಜ ಕಾಲುವೆಯ ಮೇಲ್ಭಾಗದ ಗಂಗಾವತಿಯಲ್ಲಿ ಬಂಗಾರ ಬೆಳೆಯುತ್ತದೆ. ಬಿತ್ತುವವನ ಸಾಮತಿಯನ್ನು ನಾವು ಪ್ರತಿವರ್ಷ ಕೇಳುತ್ತೇವೆ. ಅದರಲ್ಲಿ ಬೀಜ ಒಂದೇ, ನೆಲ ನಾಲ್ಕು ಬಗೆ. ನಮ್ಮ ವಿಷಯದಲ್ಲಿ ಬೀಜವೂ ಹಲವು ಬಗೆ ಎಂಬುದನ್ನು ಸೇರಿಸಿಕೊಳ್ಳಬೇಕು.

ಬೀಜ ಮತ್ತು ಬರ ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬುದನ್ನು ಅಮೆರಿಕದ ಕೆನೆತ್ ಕೆಂಡ್ಲರ್ ಮತ್ತು ಸಂಗಡಿಗರು 1995ರಲ್ಲಿ ಅಳೆದರು. ಅವರು ಪರಿಶೀಲಿಸಿದ್ದು ಎರಡು ಸಾವಿರಕ್ಕೂ ಹೆಚ್ಚು ಅವಳಿ ಮಹಿಳೆಯರನ್ನು. ಆಪ್ತರ ಸಾವು, ಹಲ್ಲೆ, ದಾಂಪತ್ಯದ ಬಿರುಕಿನಂಥ ದೊಡ್ಡ ಆಘಾತವಿಲ್ಲದ ತಿಂಗಳಲ್ಲಿ ಖಿನ್ನತೆ ಆರಂಭವಾಗುವ ಸಂಭವ ವಂಶದ ಅಪಾಯ ಅತಿ ಕಡಿಮೆಯಿದ್ದವರಲ್ಲಿ ಶೇಕಡಾ 0.5, ಅತಿ ಹೆಚ್ಚಿದ್ದವರಲ್ಲಿ ಶೇಕಡಾ 1.1. ಅಂಥ ಆಘಾತ ಎರಗಿದ ತಿಂಗಳಲ್ಲಿ ಕ್ರಮವಾಗಿ ಶೇಕಡಾ 6.2 ಮತ್ತು 14.6. ಈ ನಾಲ್ಕು ಅಂಕಿಗಳನ್ನು ನಿಧಾನವಾಗಿ ನೋಡಿರಿ. ಆಘಾತವಿಲ್ಲದಾಗ ಎರಡು ಗುಂಪುಗಳೂ ಹೆಚ್ಚುಕಡಿಮೆ ಕ್ಷೇಮ. ಆಘಾತ ಬಂದಾಗ “ಒಳ್ಳೆಯ ವಂಶ”ದವರ ಅಪಾಯವೂ ಹನ್ನೆರಡು ಪಟ್ಟು ಏರುತ್ತದೆ. ಇನ್ನೊಂದು ಮುಖವೂ ಇದೆ: ಅಪಾಯದ ವಂಶದಲ್ಲಿ ಹುಟ್ಟಿ, ದೊಡ್ಡ ಆಘಾತಕ್ಕೆ ಸಿಕ್ಕಿದ ನೂರು ಮಂದಿಯಲ್ಲಿ ಸುಮಾರು 85 ಮಂದಿ ಆ ತಿಂಗಳು ಖಿನ್ನತೆಗೆ ಬೀಳಲಿಲ್ಲ.

ಆ ಬಳಿಕ ಬಂತು ಒಂದೇ ಜೀನಿನ ಕಥೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹಳೆಯ ವಾರ್ತೆ ಇಂದಿಗೂ ಪುಸ್ತಕಗಳಲ್ಲಿ, ಉಪನ್ಯಾಸಗಳಲ್ಲಿ ಓಡಾಡುತ್ತಿದೆ. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳ ಬದುಕನ್ನು ಸಂಶೋಧಕರು ದಶಕಗಳ ಕಾಲ ಹಿಂಬಾಲಿಸಿದ್ದಾರೆ. ಅವರಲ್ಲಿ 847 ಮಂದಿಯನ್ನು ಪರೀಕ್ಷಿಸಿ ಅವ್ಶಲೋಮ್ ಕಾಸ್ಪಿ, ಟೆರಿ ಮಾಫಿಟ್ ಮತ್ತು ಸಂಗಡಿಗರು 2003ರಲ್ಲಿ ಒಂದು ಲೇಖನ ಪ್ರಕಟಿಸಿದರು. ಮೆದುಳಿನಲ್ಲಿ ಸೆರೊಟೊನಿನ್ ಎಂಬ ರಾಸಾಯನಿಕವನ್ನು ಸಾಗಿಸುವ ವ್ಯವಸ್ಥೆಗೆ ಸಂಬಂಧಿಸಿದ ಒಂದು ಜೀನ್ ಕೆಲವರಲ್ಲಿ ಗಿಡ್ಡ ರೂಪದಲ್ಲಿಯೂ ಕೆಲವರಲ್ಲಿ ಉದ್ದ ರೂಪದಲ್ಲಿಯೂ ಇರುತ್ತದೆ. ಗಿಡ್ಡ ರೂಪದವರು ಬಾಳಿನ ಆಘಾತಗಳಿಗೆ ಹೆಚ್ಚು ಸುಲಭವಾಗಿ ಖಿನ್ನರಾಗುತ್ತಾರೆ, ಉದ್ದ ರೂಪದವರು ತಡೆದುಕೊಳ್ಳುತ್ತಾರೆ ಎಂಬುದು ಅವರ ನಿರ್ಣಯ. ಲೋಕವೆಲ್ಲ ಮೆಚ್ಚಿತು. ದುಃಖದ ಬೀಗದ ಕೈ ಸಿಕ್ಕಿತೆಂಬ ಸಂಭ್ರಮ. ನಾನೂ ಆಗ ತರಬೇತಿ ಶಿಬಿರವೊಂದರಲ್ಲಿ ಇದನ್ನು ಬಹು ಉತ್ಸಾಹದಿಂದ ಬೋಧಿಸಿದ್ದೆ.

ಆದರೆ ಒಂದು ಹೊಲದಲ್ಲಿ ಕಂಡದ್ದು ಇತರ ಹೊಲಗಳಲ್ಲಿ ಕಾಣಲಿಲ್ಲ. 2009ರಲ್ಲಿ 14 ಅಧ್ಯಯನಗಳ ಸುಮಾರು 14 ಸಾವಿರ ಮಂದಿಯ ವಿವರಗಳನ್ನು ಕೂಡಿಸಿ ನೋಡಿದಾಗ, ಬಾಳಿನ ಆಘಾತಗಳಿಗೂ ಖಿನ್ನತೆಗೂ ಇರುವ ನಂಟು ಸ್ಪಷ್ಟವಾಗಿ ಉಳಿಯಿತು. ಆ ಜೀನಿನ ಪಾತ್ರ ಮಾತ್ರ ಕಾಣದಾಯಿತು. 2011ರ ಇನ್ನೊಂದು ವಿಶ್ಲೇಷಣೆ ಅದನ್ನು ಮತ್ತೆ ಎತ್ತಿಹಿಡಿಯಿತು. 2019ರಲ್ಲಿ ಇದೂ ಸೇರಿದಂತೆ ಬಹುವಾಗಿ ಚರ್ಚೆಗೊಂಡ 18 ಜೀನ್‌ಗಳನ್ನು ಲಕ್ಷಾಂತರ ಮಂದಿಯಲ್ಲಿ ಪರೀಕ್ಷಿಸಿದಾಗ, ಅವುಗಳಲ್ಲಿ ಯಾವುದಕ್ಕೂ ಖಿನ್ನತೆಯೊಡನೆ ವಿಶೇಷ ಸಂಬಂಧ ಕಂಡುಬರಲಿಲ್ಲ. ವಿಜ್ಞಾನಿಗಳು ತಮ್ಮ ಪ್ರಿಯವಾದ ಕಥೆಯನ್ನು ತಾವೇ ಕೆಡವಿದ ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. (ಪ್ರಬೋಧನೆಯಲ್ಲಿ ನಾವು ಹೇಳಿದ ತಪ್ಪುಗಳನ್ನು ಮುಂದಿನ ಭಾನುವಾರ ತಿದ್ದುವ ಪದ್ಧತಿ ನಮ್ಮಲ್ಲಿ ಇಲ್ಲ.)

ಈಗ ತಿಳಿದಿರುವುದು ಇಷ್ಟು: ಖಿನ್ನತೆಗೆ ಒಂದು ಜೀನ್ ಇಲ್ಲ. 2018ರಲ್ಲಿ 44 ವಂಶವಾಹಿ ತಾಣಗಳು ಪತ್ತೆಯಾದವು. 2025ರಲ್ಲಿ 29 ದೇಶಗಳ ಸುಮಾರು 50 ಲಕ್ಷ ಜನರ ವಿವರಗಳಿಂದ ಸುಮಾರು 700 ವಂಶವಾಹಿ ಭೇದಗಳು ಪತ್ತೆಯಾದವು. ಪ್ರತಿಯೊಂದರ ಪ್ರಭಾವವೂ ಅತ್ಯಲ್ಪ. 2018ರ ಆ ಲೇಖನದ ಕೊನೆಯಲ್ಲಿ ಸಂಶೋಧಕರು ತಲುಪಿದ ತೀರ್ಮಾನ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ: ಖಿನ್ನತೆಯ ಬೀಜಗಳು ಕೆಲವರಲ್ಲಿ ಕಡಿಮೆ, ಕೆಲವರಲ್ಲಿ ಹೆಚ್ಚು, ಇಲ್ಲದವರು ಯಾರೂ ಇಲ್ಲ. ಎಂದರೆ “ಅವರ ಮನೆ” ಎಂದೂ “ನಮ್ಮ ಮನೆ” ಎಂದೂ ಗೆರೆ ಎಳೆಯುವ ಸ್ಥಳವೇ ಇಲ್ಲ. ಇವುಗಳಲ್ಲಿ ಬಹುಪಾಲು ಐರೋಪ್ಯ ಮೂಲದವರ ಅಧ್ಯಯನಗಳೆಂಬುದು ನಿಜ. ನಮ್ಮ ದೇಶದಲ್ಲಿ ನಿಮ್ಹಾನ್ಸ್ ಮುಂದಾಳುತನದಲ್ಲಿ, ಬೆಂಗಳೂರಿನ ನಮ್ಮ ಸಂತ ಜಾನರ ವೈದ್ಯಕೀಯ ಕಾಲೇಜು ಹಾಗೂ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಸೇರಿ ಏಳು ಕೇಂದ್ರಗಳಲ್ಲಿ 6ರಿಂದ 23 ವರ್ಷದ ಸುಮಾರು ಒಂಬತ್ತು ಸಾವಿರ ಮಂದಿಯನ್ನು ಜೀನ್ ಮತ್ತು ಪರಿಸರ ಎರಡರ ದೃಷ್ಟಿಯಿಂದಲೂ ಅಭ್ಯಸಿಸುವ ಕಾರ್ಯ ಆರಂಭವಾಗಿದೆ.

ಇನ್ನು ಬರದ ಕಡೆಗೆ ತಿರುಗೋಣ. ಭಯ, ಅವಮಾನ, ನಷ್ಟ ಎದುರಾದಾಗ ಮೆದುಳು ಒಂದು ಗಂಟೆ ಬಾರಿಸುತ್ತದೆ. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಕಾರ್ಟಿಸಾಲ್ ಎಂಬ ದ್ರವ್ಯವನ್ನು ರಕ್ತಕ್ಕೆ ಬಿಡುತ್ತವೆ. ಅಪಾಯ ಕಳೆದ ಮೇಲೆ ಗಂಟೆ ನಿಲ್ಲಬೇಕು. ಅಪಾಯ ಕಳೆಯುವುದೇ ಇಲ್ಲವಾದರೆ? ತಿಂಗಳುಗಟ್ಟಲೆ ಗಂಟೆ ಬಾರಿಸುತ್ತಲೇ ಇದ್ದರೆ ನಿದ್ದೆ, ಹಸಿವು, ನೆನಪು, ಆಸೆ ಎಲ್ಲವೂ ಹದಗೆಡುತ್ತವೆ. ಯಾರ ಗಂಟೆ ಎಷ್ಟು ಬೇಗ ನಿಲ್ಲುತ್ತದೆ ಎಂಬುದರಲ್ಲಿ ವಂಶದ ಪಾಲಿದೆ, ಬಾಲ್ಯದ ಪಾಲಿದೆ. ಆದರೆ ಗಂಟೆ ಬಾರಿಸುವ ಕೈ ಯಾರದು?

ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯಲ್ಲಿ ನಿಂತು ಕೇಳಬೇಕು. ಕೃಷ್ಣೆ ತುಂಗಭದ್ರೆಯರ ನಡುವೆ ಇರುವ ನಾಡಿದು. ಆದರೂ ಪ್ರಾದೇಶಿಕ ಅಸಮತೋಲನವನ್ನು ಅಭ್ಯಸಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿಗೆ ಸೇರಿಸಿತು. ದೇವದುರ್ಗದ ತಾಂಡಾಗಳಿಂದ, ಕೇರಿಗಳಿಂದ ಪ್ರತಿವರ್ಷ ಜನ ಬೆಂಗಳೂರಿಗೆ, ಪುಣೆಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಅಜ್ಜಿಯರ ಬಳಿ ಉಳಿಯುತ್ತಾರೆ. 2009ರ ಅಕ್ಟೋಬರಿನ ಪ್ರವಾಹ ನದಿತೀರದ ಊರುಗಳನ್ನು ಕೊಚ್ಚಿತು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕಿತ್ತುಹೋದಾಗ, ದೂರದ ಮಾನ್ವಿಯ ರೈತ ಮಹಿಳೆಯೊಬ್ಬರು ರಾತ್ರಿಯಿಡೀ ನಿದ್ದೆ ಮಾಡಲಿಲ್ಲವೆಂದು ನನಗೆ ಹೇಳಿದರು. ಗೇಟಿನ ಸರಪಳಿ ತುಂಡಾದದ್ದು ಅಲ್ಲಿ. ಗಂಟೆ ಬಾರಿಸಿದ್ದು ಇಲ್ಲಿ, ಇವರ ಎದೆಯಲ್ಲಿ. ವಾರದ ಕಂತಿಗಾಗಿ ಬಾಗಿಲಲ್ಲಿ ಕೂರುವ ಕಿರುಸಾಲ ವಸೂಲಿಗಾರರ ಕಾಟ ಎಷ್ಟು ಮಿತಿಮೀರಿತೆಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇವುಗಳಲ್ಲಿ ಯಾವುದೂ ವಂಶಪಾರಂಪರ್ಯವಾಗಿ ಬಂದದ್ದಲ್ಲ. ವರದಕ್ಷಿಣೆಯೂ ಅಲ್ಲ.

ಈ ಎರಡು ಕಾರಣಗಳನ್ನು ಒಂದಕ್ಕೊಂದು ಎದುರು ನಿಲ್ಲಿಸುವ ತಪ್ಪನ್ನು ನಾವು ಹಿಂದೆಯೂ ಮಾಡಿದ್ದೇವೆ. ರೈತರ ಆತ್ಮಹತ್ಯೆಗಳ ಬಗ್ಗೆ ರಾಜ್ಯ ನೇಮಿಸಿದ ಡಾ. ಜಿ. ಕೆ. ವೀರೇಶ್ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ಕುಡಿತ, ಕೌಟುಂಬಿಕ ಸಮಸ್ಯೆಗಳಂಥ ವೈಯಕ್ತಿಕ ಕಾರಣಗಳಿಗೆ ಅದು ಒತ್ತು ಕೊಟ್ಟಿತೆಂದೂ ಸಾಲ ಮತ್ತು ಬೆಳೆನಷ್ಟವನ್ನು ಹಗುರ ಮಾಡಿತೆಂದೂ ಟೀಕೆ ಬಂತು. ಟೀಕಿಸಿದವರ ಆತಂಕ ನ್ಯಾಯವಾದದ್ದು: ಮನಸ್ಸಿನ ಕಾಯಿಲೆ ಎಂದುಬಿಟ್ಟರೆ ಸಾಲದ ಮಾತು ಮುಗಿಯುತ್ತದೆ. ಇಂದಿಗೂ ಕೆಲವರು ಖಿನ್ನತೆ ಎಂಬ ಪದವನ್ನೇ ಈ ಕಾರಣಕ್ಕೆ ಒಲ್ಲೆನ್ನುತ್ತಾರೆ. ಆದರೆ ಸಾಲದಿಂದ ಕುಸಿದವನ ಮನಸ್ಸು ನಿಜವಾಗಿ ರೋಗಗ್ರಸ್ತವಾಗುತ್ತದೆ. ಅವನಿಗೆ ಸಾಲದಿಂದ ಬಿಡುಗಡೆಯೂ ಬೇಕು, ಔಷಧವೂ ಬೇಕು. ಇಂಡೋನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನೇರವಾಗಿ ಹಣ ಕೊಡುವ ಕಾರ್ಯಕ್ರಮ ತಲುಪಿದ ಪ್ರದೇಶಗಳಲ್ಲಿ ಆತ್ಮಹತ್ಯೆಗಳು ಸುಮಾರು ಶೇಕಡಾ 18ರಷ್ಟು ಇಳಿದವೆಂದು 2019ರ ಅಧ್ಯಯನವೊಂದು ತೋರಿಸಿತು. ಆ ಜನರ ವಂಶವಾಹಿಗಳು ಬದಲಾಗಿರಲಿಲ್ಲ.

ಹಣವೊಂದೇ ಅಲ್ಲ. ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಎಂಬವರು ಲಂಡನ್ನಿನ ಒಂದು ಬಡಾವಣೆಯ ಮಹಿಳೆಯರನ್ನು ಅಭ್ಯಸಿಸಿ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಘಾತ ಬಂದಾಗ ಮನಬಿಚ್ಚಿ ಹೇಳಿಕೊಳ್ಳಲು ಆಪ್ತರಿಲ್ಲದವರು ಹೆಚ್ಚಾಗಿ ಖಿನ್ನತೆಗೆ ಬೀಳುತ್ತಾರೆಂದು ಕಂಡುಕೊಂಡರು. ಆ ಇಬ್ಬರು ಸಹೋದರರಲ್ಲಿ ಕಿರಿಯವನ ಬೀಜ ಗಟ್ಟಿಯಿತ್ತೋ ಏನೋ, ನಾನರಿಯೆ. ಆದರೆ ಅವನಿಗೆ ಬೆಂಗಳೂರಿನಲ್ಲಿ ಶೆಡ್ಡಿನ ಸಂಗಾತಿಗಳಿದ್ದರು, ರಾತ್ರಿ ಹೊತ್ತು ನಗುತ್ತಿದ್ದರು ಎಂದು ಅವನೇ ಹೇಳಿದ. ಹಿರಿಯವನು ಸಾಲಗಾರರಿಗೆ ಹೆದರಿ ಚರ್ಚಿಗೆ ಬರುವುದನ್ನೂ ಬಿಟ್ಟಿದ್ದ. ಅವನು ಬಾರದಿರುವುದನ್ನು ನಾನು ಗಮನಿಸಿದ್ದೆ. ಶ್ರದ್ಧೆ ಕುಗ್ಗಿದೆ ಎಂದುಕೊಂಡಿದ್ದೆ. ವಿಜ್ಞಾನಿಗಳು ಪರಿಸರ ಎಂದು ಕರೆಯುವುದರಲ್ಲಿ ಬರ, ಸಾಲ, ಕಾಲುವೆಗಳ ಜೊತೆಗೆ ನೆರೆಮನೆಯವರೂ ಇದ್ದಾರೆ, ಗುರುವೂ ಇದ್ದಾನೆ. ನಾನು ಅವನ ಪರಿಸರವಾಗಿದ್ದೆ.

ಕಣ್ಣು ಕಾಣದೆ ಹುಟ್ಟಿದವನನ್ನು ಕಂಡು, ಇದು ಇವನ ಪಾಪದ ಫಲವೋ ಹೆತ್ತವರದೋ ಎಂದು ಶಿಷ್ಯರು ಕೇಳಿದ ಪ್ರಸಂಗ ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ನಮ್ಮ ಊರಿನ ಎರಡು ಉತ್ತರಗಳೂ ಆ ಪ್ರಶ್ನೆಯಲ್ಲೇ ಅಡಗಿವೆ. ಪ್ರಭು ಎರಡನ್ನೂ ನಿರಾಕರಿಸಿದರು. ಅಷ್ಟಕ್ಕೇ ನಿಲ್ಲದೆ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದರು. ಸಾವನ್ನು ಬೇಡಿ ಮರಳುಗಾಡಿನ ಪೊದೆಯ ಕೆಳಗೆ ಮಲಗಿದ ಪ್ರವಾದಿ ಎಲೀಯನ ಬಳಿಗೆ ಬಂದ ದೇವದೂತ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೊಮ್ಮೆ ಎಬ್ಬಿಸಿ ಉಣಿಸಿದ. ಯೋಬನ ಗೆಳೆಯರು ಏಳು ದಿನ ಮೌನವಾಗಿ ಕುಳಿತಿದ್ದಾಗ ಒಳ್ಳೆಯ ಗೆಳೆಯರಾಗಿದ್ದರು. ಬಾಯಿ ತೆರೆದ ಮೇಲೆಯೇ ಕೆಟ್ಟರು. ಗುರುಮಠದಲ್ಲಿ ನಾವು ಓದಿದ ಸಂತ ಥಾಮಸ್ ಅಕ್ವಿನಾಸರು ದುಃಖದ ಪರಿಹಾರಗಳನ್ನು ವಿಚಾರಿಸುವಾಗ ಕಣ್ಣೀರು, ಗೆಳೆಯರ ಸಹಾನುಭೂತಿ, ಸತ್ಯದ ಧ್ಯಾನಗಳ ಜೊತೆಗೆ ನಿದ್ದೆ ಮತ್ತು ಸ್ನಾನವನ್ನೂ ಸೇರಿಸಿದ್ದಾರೆ. ಆಗ ನಾವು ತರಗತಿಯಲ್ಲಿ ನಕ್ಕಿದ್ದೆವು. ಹದಿಮೂರನೆಯ ಶತಮಾನದ ಆ ಮಹಾಜ್ಞಾನಿಗೆ ದೇಹ ಮತ್ತು ಆತ್ಮ ಒಂದೇ ಮನುಷ್ಯನವೆಂಬುದು ಗೊತ್ತಿತ್ತು.

ಹಾಗಾದರೆ ಮನುಷ್ಯನಿಗೆ ಹೊಣೆಯೇ ಇಲ್ಲವೇ, ಎಲ್ಲವೂ ಜೀನು ಮತ್ತು ಬರವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಧರ್ಮಸಭೆ ಇದಕ್ಕೆ ನಿಧಾನವಾಗಿ ಉತ್ತರ ಕಂಡುಕೊಂಡಿದೆ. 1917ರ ಧರ್ಮಸಭಾ ಕಾನೂನು, ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು. 1983ರ ಕಾನೂನಿನಲ್ಲಿ ಆ ಮಾತಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಜೀವದ ಪಾವಿತ್ರ್ಯವನ್ನು ಎತ್ತಿಹಿಡಿಯುತ್ತಲೇ, ತೀವ್ರ ಮಾನಸಿಕ ಅಸ್ವಸ್ಥತೆ, ಸಂಕಟ, ಭಯಗಳು ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲವೆಂದೂ, ಅಂಥವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಬೋಧಿಸುತ್ತದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡುವಂತೆ ಹೇಳುತ್ತದೆ. ಹೊಣೆ ಇಲ್ಲವಾಗುವುದಿಲ್ಲ, ಅದು ಮನುಷ್ಯನ ಕೈಯಲ್ಲಿರುವ ಬಲಕ್ಕೆ ತಕ್ಕಷ್ಟಿರುತ್ತದೆ. ಹಾಸಿಗೆಯಿಂದ ಏಳಲಾರದವಳ ಹೊಣೆ ಒಂದು ಮಾತ್ರೆ ನುಂಗುವಷ್ಟು, ಒಬ್ಬರಿಗೆ ಹೇಳಿಕೊಳ್ಳುವಷ್ಟು ಇರಬಹುದು. ಎದ್ದು ಓಡಾಡುತ್ತಿರುವ ನಮ್ಮ ಹೊಣೆ ಅದಕ್ಕಿಂತ ದೊಡ್ಡದು.

ಆರೈಕೆ ಎಂಬುದು ದೂರದ ಮಾತಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ತೋರಿಸಿತು; 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆದರೂ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಇಪ್ಪತ್ತು ಮಂದಿಯಲ್ಲಿ ಒಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದ್ದರು. ಖಿನ್ನತೆಯಿದ್ದವರಲ್ಲಿ ಶೇಕಡಾ 85ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಗೋವೆಯ ಹತ್ತು ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಆದರೆ ತರಬೇತಿ ಪಡೆದ ಸ್ಥಳೀಯರು ತೀವ್ರ ಖಿನ್ನತೆಯಿದ್ದವರೊಂದಿಗೆ ಆರೆಂಟು ಬಾರಿ ಕುಳಿತು ಮಾತಾಡಿದ್ದರಿಂದಲೇ ಮೂರು ತಿಂಗಳಲ್ಲಿ ಶೇಕಡಾ 64 ಮಂದಿ ಚೇತರಿಸಿಕೊಂಡರು. ಆ ಸಲಹೆ ಸಿಗದೆ ವೈದ್ಯರ ಎಂದಿನ ಆರೈಕೆ ಮಾತ್ರ ಪಡೆದವರಲ್ಲಿ ಶೇಕಡಾ 39. ಇದು 2017ರಲ್ಲಿ ಪ್ರಕಟವಾದ ಅಧ್ಯಯನ. ರಾಯಚೂರಿನ ರಿಮ್ಸ್ ಆಸ್ಪತ್ರೆ ನಮ್ಮ ನಗರದಲ್ಲೇ ಇದೆ. ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿಯೂ ದೊರೆಯುತ್ತಿದೆ. ಆ ಮಾನ್ವಿಯ ತಾಯಿಯನ್ನು ನಾನು ತಡವಾಗಿಯಾದರೂ ವೈದ್ಯರ ಬಳಿಗೆ ಕರೆದೊಯ್ದೆ. ಎರಡು ತಿಂಗಳ ಮೇಲೆ ಆಕೆ ತಾನಾಗಿಯೇ ಜಪಸರ ಹಿಡಿದು ಕುಳಿತಿದ್ದಳು.

ಭಾನುವಾರ ಆ ದಂಪತಿಗಳು ಬಂದರು. ಇನ್ನೊಬ್ಬರ ಮನೆಯ ಕಾಯಿಲೆಯನ್ನು ಹೇಳುವ ಅಧಿಕಾರ ನನಗಿಲ್ಲ ಎಂದೆ. ಬಚ್ಚಿಟ್ಟು ಮದುವೆ ಮಾಡುವುದನ್ನೂ ನಾನು ಒಪ್ಪುವುದಿಲ್ಲ. ದಾಂಪತ್ಯವನ್ನು ಕಲಕಬಲ್ಲ ವಿಷಯವನ್ನು ಮೋಸದಿಂದ ಮರೆಮಾಚುವುದು ವಿವಾಹದ ಬುಡಕ್ಕೇ ಏಟು ಎಂದು ಧರ್ಮಸಭೆಯ ಕಾನೂನೂ ಹೇಳುತ್ತದೆ. ಆದರೆ ಹೇಳಬೇಕಾದವರು ಹುಡುಗ ಹುಡುಗಿ, ಪರಸ್ಪರ. ಮತ್ತು ಇಬ್ಬರೂ ಹೇಳಬೇಕು. “ನಿಮ್ಮ ಹುಡುಗ ಏನು ಹೇಳುತ್ತಾನೆ? ನಿಮ್ಮ ಮನೆಯಲ್ಲಿ ಯಾರಿಗೂ ಎಂದೂ ಹೀಗಾಗಿಲ್ಲವೇ?” ಎಂದು ಕೇಳಿದೆ.

ತಂದೆ ತಕ್ಷಣ ಇಲ್ಲವೆಂದರು. ತಾಯಿ ಮಾತಾಡಲಿಲ್ಲ. ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆಕೆ, ಗಂಡನ ಕಡೆ ನೋಡದೆ, ತನ್ನ ತಾಯಿಯ ಕಥೆ ಹೇಳತೊಡಗಿದರು. ದೇವದುರ್ಗದ ಹತ್ತಿರದ ಊರು. ಒಂದು ಮಗು ತೀರಿಕೊಂಡ ಮೇಲೆ ಆಕೆಯ ತಾಯಿ ಎರಡು ವರ್ಷ ಒಲೆ ಹಚ್ಚಲಿಲ್ಲ, ತಲೆ ಬಾಚಲಿಲ್ಲ. ಗಾಳಿ ಸೋಕಿದೆಯೆಂದು ಎಲ್ಲೆಲ್ಲಿಗೋ ಕರೆದೊಯ್ದರು. “ಅದಕ್ಕ ಇದೇ ಹೆಸರು ಅಂತ ನಂಗ ಗೊತ್ತಿರಲಿಲ್ಲ ಫಾದರ್.” ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಪತಿ ಇದನ್ನು ಕೇಳಿದ್ದು ಅಂದೇ ಮೊದಲು ಎಂದು ಅವರ ಮುಖವೇ ಹೇಳುತ್ತಿತ್ತು. ಅವರು ಕೋಪಗೊಳ್ಳಲಿಲ್ಲ. ಹೆಂಡತಿಯ ಕೈಯಲ್ಲಿದ್ದ ಚೀಲವನ್ನು ತೆಗೆದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಸಂಬಂಧ ಇನ್ನೂ ಮಾತುಕತೆಯಲ್ಲಿದೆ. ಹುಡುಗ ಹುಡುಗಿ ಎರಡು ಸಲ ಭೇಟಿಯಾಗಿದ್ದಾರೆಂದು ಕೇಳಿದೆ. ಅಂದು ಹೊರಟವರು ಗೇಟಿನವರೆಗೆ ಹೋಗಿ, ತಾಯಿ ಮಾತ್ರ ಹಿಂದಿರುಗಿ ಬಂದರು. ತಾಲೂಕು ಆಸ್ಪತ್ರೆಗೂ ಮನಸ್ಸಿನ ಡಾಕ್ಟರು ಬರುತ್ತಾರಂತೆ, ಹೌದೇ, ದೇವದುರ್ಗಕ್ಕೆ ಯಾವ ದಿನ ಎಂದು ಕೇಳಿದರು. 2014ರಿಂದ ಮನೋಚೈತನ್ಯ ಎಂಬ ಯೋಜನೆಯಿದೆ, ಸಾಮಾನ್ಯವಾಗಿ ಮಂಗಳವಾರ, ಹೋಗುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿರಿ ಎಂದೆ. “ನನ್ನ ತಮ್ಮ ಅದಾನ ಅಲ್ಲಿ” ಎಂದಷ್ಟೇ ಹೇಳಿ, ಸೆರಗು ಹೊದ್ದು ನಡೆದರು.